ಚಿದಂಬರನ ಮಧ್ಯಾಹ್ನದ ಕನಸುಗಳು

ಅರಸೀಕೆರೆಯ ಚಿದಂಬರನಿಗೆ ಬೀಳುತ್ತಿದ್ದಂಥ ಕನಸು ಆ ಸೀಮೆಯಲ್ಲಿ ಇನ್ಯಾರಿಗೂ ಬೀಳುತ್ತಿರಲಿಲ್ಲ. ನಮಗೆ ನಿಮಗೆ ಬೀಳುವ ಕನಸೆಂದರೆ ಏನು ಮಹಾ? ಚಪ್ಪಲಿ ಕಳೆಯುವುದು, ಬಸ್ಸು ತಪ್ಪುವುದು, ಎಂದೋ ಶಿವನ ಪಾದ ಸೇರಿದ ಸೋದರತ್ತೆ ಬಂದು ಕಾಫಿ ಕೇಳುವುದು. ಅವನದು ಹಾಗಲ್ಲ. ಬೇಲೂರಿನ ಮಾವನ ಮನೆಯಲ್ಲಿ ಬೆಳಿಗ್ಗೆ ಹಾಗಲಕಾಯಿ ಗೊಜ್ಜು ಕುದಿದರೆ ಮಧ್ಯಾಹ್ನ ಅರಸೀಕೆರೆಯಲ್ಲಿ ಅದು ಇವನ ಕನಸಿಗೆ ಬರುತ್ತಿತ್ತು, ಅದೂ ಒಗ್ಗರಣೆ ಸಮೇತ. ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದ. ಆಮೇಲೆ ವಿಚಾರಿಸಿದರೆ ಗೊಜ್ಜು ನಿಜ, ಒಗ್ಗರಣೆಯೂ ನಿಜ.

ಅವನು ನಿದ್ದೆಯಲ್ಲಿ ಮೊದಲಿಂದಲೂ ಹೆಸರು ಮಾಡಿದವನೇ. ಮಾರ್ಕೆಟ್ಟಿನಲ್ಲಿ ಅಪ್ಪನ ಕಾಲದ ತೆಂಗಿನಕಾಯಿ ಮಂಡಿ ಇತ್ತು. ಊಟವಾದ ಮೇಲೆ ಕೊಬ್ಬರಿ ಚೀಲದ ಮೇಲೆ ಒರಗಿದನೆಂದರೆ ಗಿರಾಕಿಗಳು ತಾವೇ ಕಾಯಿ ಆರಿಸಿ, ದುಡ್ಡು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಆದರೆ ಈ ಕನಸುಗಳು ಕೊಬ್ಬರಿ ಚೀಲದ ಮೇಲೆ ಬಿದ್ದವಲ್ಲ. ರೈಲ್ವೆ ಸ್ಟೇಷನ್ ರಸ್ತೆಯ ಕಂಪ್ಯೂಟರ್ ಸೆಂಟರಿನಲ್ಲಿ, ಫ್ಯಾನಿನ ಕೆಳಗೆ, ಕಣ್ಣು ಪೂರ್ತಿ ಬಿಟ್ಟುಕೊಂಡು ಕೂತಾಗ ಬಿದ್ದವು. ಅದು ಹೇಗೆ ಅನ್ನುವುದಕ್ಕೆ ಮೊದಲು ಅವನ ಮನೆಯ ನೋವೊಂದನ್ನು ಹೇಳಬೇಕು.

ಅವನ ಹೆಂಡತಿ ಅರುಣಾ. ಬೇಲೂರಿನ ನಿವೃತ್ತ ಹೈಸ್ಕೂಲು ಮೇಷ್ಟ್ರು ಏಕಾಂತಯ್ಯನವರ ಒಬ್ಬಳೇ ಮಗಳು. ಎರಡು ವರ್ಷದಿಂದ ಆ ಮನೆಗೂ ಈ ಮನೆಗೂ ಹೋಗುವುದು ಬರುವುದು ನಿಂತುಹೋಗಿತ್ತು. ಯಾಕೆ ಅಂತ ಕೇಳಿದರೆ ಅರಸೀಕೆರೆಯಲ್ಲಿ ಯಾರಿಗೂ ಗೊತ್ತಿಲ್ಲ. ಅರುಣಾ ಫೋನು ಮಾಡಿದರೆ ತಾಯಿ ದ್ರಾಕ್ಷಾಯಣಮ್ಮ "ಚೆನ್ನಾಗಿದೀವಿ" ಎಂದು ಇಟ್ಟುಬಿಡುತ್ತಿದ್ದರು. ಅಪ್ಪ ಫೋನಿಗೇ ಬರುತ್ತಿರಲಿಲ್ಲ. ದೀಪಾವಳಿಗೆ ಹೋದಾಗ ಹೋಳಿಗೆ ಸಾರಿಗೆ ಉಪ್ಪು ಕಮ್ಮಿ ಎಂದು ತಾನು ಬಾಯಿ ಬಿಟ್ಟದ್ದೇ ಕಾರಣವಿರಬೇಕು ಎಂದು ಚಿದಂಬರ ಕೊರಗುತ್ತಿದ್ದ. ಉಪ್ಪಿಗೋಸ್ಕರ ಮಗಳನ್ನು ಬಿಡುವ ಜನವಲ್ಲ ಅವರು ಎಂದು ಅರುಣಾಗೆ ಗೊತ್ತಿತ್ತು. ಆದರೆ ಅವಳೂ ಏಕಾಂತಯ್ಯನ ಮಗಳೇ ತಾನೆ, ಕರೆಯದೆ ಕಾಲಿಡುವುದಿಲ್ಲ ಎಂದು ಕೂತಳು. ಬೇಲೂರು ಬೋರ್ಡಿನ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದಳು. ತಿರುಗಿಸಿದ ಮುಖದಲ್ಲಿ ಕಣ್ಣೀರಿರುತ್ತಿತ್ತು, ಅದನ್ನು ಚಿದಂಬರ ನೋಡಿದ್ದ. ತವರಿನ ಬಾಗಿಲು ಒಂದು ಸಲ ತೆರೆಸಿಬಿಟ್ಟರೆ ಸಾಕು, ತನ್ನ ಜನ್ಮ ಸಾರ್ಥಕ ಅಂದುಕೊಂಡಿದ್ದ. ಹೇಗೆ ತೆರೆಸುವುದು ಎಂದು ಯೋಚಿಸಲು ಕೂತರೆ ಮಾತ್ರ ನಿದ್ದೆ ಬರುತ್ತಿತ್ತು.

ಎರಡು ಸಾವಿರದ ಏಳನೇ ಇಸವಿಯ ಯುಗಾದಿ ಕಳೆದ ಮೇಲೆ ಮಂಡಿಗೆ ಒಂದು ಬೋರ್ಡು ಬರೆಸಬೇಕೆಂದು ಅವನು ಲತಾಮಣಿಯ ಕಂಪ್ಯೂಟರ್ ಸೆಂಟರಿಗೆ ಹೋದ. ಲತಾಮಣಿ ಬಿ.ಕಾಂ. ಓದಿದ ಗಟ್ಟಿಗಿತ್ತಿ. ಗಂಡ ಬ್ಯಾಂಕಿನಲ್ಲಿದ್ದ, ಇವಳು ಸೆಂಟರಿನಲ್ಲಿದ್ದಳು. ಬೋರ್ಡು ಅರ್ಧ ಗಂಟೆಯಲ್ಲಿ ಮುಗಿಯಿತು. ಆದರೆ ಫ್ಯಾನು ಚೆನ್ನಾಗಿತ್ತು, ಕುರ್ಚಿ ಮೆತ್ತಗಿತ್ತು, ಚಿದಂಬರ ಏಳಲಿಲ್ಲ. ಸುಮ್ಮನೆ ಕೂರುವ ಬದಲು ಏನಾದರೂ ಓದಿ ಎಂದು ಅವಳು ಪರದೆಯ ಮೇಲೆ ಒಂದು ಕಿತ್ತಳೆ ಬಣ್ಣದ ಗುಂಡಿ ತೋರಿಸಿದಳು. ಇದಕ್ಕೆ ಫೀಡ್ ಅಂತಾರೆ, ಮನೆಗೆ ಪೇಪರು ಹಾಕಿಸಿಕೊಂಡ ಹಾಗೆ, ದಿನಾ ನಾವು ಒಬ್ಬೊಬ್ಬರ ತಾಣಕ್ಕೂ ಹುಡುಕಿಕೊಂಡು ಹೋಗುವುದು ಬೇಡ, ಯಾರು ಹೊಸದಾಗಿ ಏನು ಬರೆದರೂ ಅದಾಗಿ ಇಲ್ಲಿಗೆ ಬಂದು ಬೀಳುತ್ತದೆ, ನೀವು ಕೂತಲ್ಲೇ ಓದಿದರಾಯಿತು ಎಂದು ವಿವರಿಸಿದಳು.

ಕೂತಲ್ಲೇ ಎಂಬ ಮಾತು ಚಿದಂಬರನ ಮನಸ್ಸಿಗೆ ನಾಟಿತು. ಕಂಡ ಕಂಡ ಕಿತ್ತಳೆ ಗುಂಡಿಯನ್ನೆಲ್ಲ ಒತ್ತಿಸಿದ. ಹಿಮ ಬೀಳುವ ದೇಶದ ಯಾವನೋ ಒಬ್ಬ ದಿನಾ ತನ್ನ ಕಿಟಕಿಯ ಫೋಟೋ ಹಾಕುತ್ತಿದ್ದ, ಅವನನ್ನು ಸೇರಿಸಿಕೊಂಡ. ಜಪಾನಿನ ಅಡುಗೆಯವಳನ್ನು ಸೇರಿಸಿಕೊಂಡ. ಕನ್ನಡದಲ್ಲಿ ಬರೆಯುವವರನ್ನಂತೂ ಒಬ್ಬರನ್ನೂ ಬಿಡಲಿಲ್ಲ. ಮಾರನೇ ದಿನ ಬಂದು ನೋಡುತ್ತಾನೆ, ಓದದೆ ಉಳಿದದ್ದು ರಾಶಿ ಬಿದ್ದಿದೆ. ಲತಾಮಣಿ ಎಲ್ಲಾ ಓದಿದೀನಿ ಅಂತ ಒಂದೇ ಸಲ ಒತ್ತಿಬಿಡಿ ಎಂದಳು. ಛೆ ಛೆ, ಅಷ್ಟು ದೂರದಿಂದ ಬಂದವರನ್ನು ಊಟಕ್ಕೇಳಿ ಎನ್ನದೆ ಕಳಿಸುವುದುಂಟೇ ಎಂದು ಇವನು ಒಂದೊಂದನ್ನೂ ಓದಿದ. ಮಂಡಿಯನ್ನು ದೇವರು ನೋಡಿಕೊಂಡ.

ಹೀಗೆ ಓದುತ್ತಿದ್ದವರಲ್ಲಿ "ಬೇಲೂರಿನ ಒಬ್ಬ ಮೇಷ್ಟ್ರು" ಎಂದು ಹೆಸರಿಟ್ಟುಕೊಂಡವರು ಒಬ್ಬರಿದ್ದರು. ಬೆಳಗಿನ ಜಾವ ಯಗಚಿ ಹೊಳೆಯ ಮೇಲೆ ಮಂಜು ಕೂತದ್ದು, ಗೋಪುರದ ಗಿಳಿಗಳೆಲ್ಲ ಒಟ್ಟಿಗೆ ಎದ್ದದ್ದು, ಕನ್ನಡಿ ಹಿಡಿದ ಕಲ್ಲಿನ ಹೆಣ್ಣಿಗೆ ಬಿಸಿಲು ಮುಟ್ಟಿದಾಗ ಅವಳು ಮುಖ ನೋಡಿಕೊಂಡದ್ದು, ಹೀಗೆ ಬರೆಯುತ್ತಿದ್ದರು. ಚಿದಂಬರನಿಗೆ ಹಿತವಾಗುತ್ತಿತ್ತು. ಒಂದು ದಿನ ಅದರಲ್ಲಿ "ನನ್ನ ಹೆಂಡತಿ ಹಾಗಲಕಾಯಿ ಗೊಜ್ಜಿಗೆ ಕೊನೆಯಲ್ಲಿ ಒಂದು ಚೂರು ಕೊಬ್ಬರಿ ಸುಟ್ಟು ಹಾಕುತ್ತಾಳೆ" ಎಂದಿತ್ತು. ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತ. ಭೂಮಂಡಲದಲ್ಲಿ ಗೊಜ್ಜಿಗೆ ಕೊಬ್ಬರಿ ಸುಟ್ಟು ಹಾಕುವವರು ಅವನ ಅತ್ತೆ ಒಬ್ಬರೇ. ತನ್ನ ಜೊತೆ ಎರಡು ವರ್ಷದಿಂದ ಮಾತು ಬಿಟ್ಟ ಮಾವನವರು ದಿನಾ ತನ್ನ ಮುಂದೆ ಬಂದು ಕೂತು ಇಷ್ಟೊಂದು ಮಾತಾಡುತ್ತಿದ್ದರೆಂದು ಗೊತ್ತಾಗಿ ಅವನಿಗೆ ಅಲ್ಲೇ ಬೆವರು ಬಂತು.

ಇದನ್ನು ಅರುಣಾಗೆ ಹೇಳುವ ಹಾಗಿಲ್ಲ. ಬಾಗಿಲು ಹಾಕಿಕೊಂಡವರ ಮನೆಯ ಗೋಡೆ ಹತ್ತಿ ಇಣುಕುತ್ತೀರಾ ಎಂದು ಅವಳು ಉಗಿಯುವುದು ಖಂಡಿತ. ಅವನಿಗೂ ಅದು ಇಣುಕಿದಂತೆಯೇ ಅನಿಸುತ್ತಿತ್ತು. ಆದರೂ ಬಾಯಿ ಕೇಳಬೇಕಲ್ಲ. ಒಂದು ಸಂಜೆ ರೊಟ್ಟಿ ಮುರಿಯುತ್ತಾ "ನಿಮ್ಮ ಹಿತ್ತಲ ಸೀಬೆ ಮರ ಕಡಿಸಿಬಿಟ್ರಂತೆ" ಎಂದ. ಅರುಣಾ ಲಟ್ಟಣಿಗೆ ಕೆಳಗಿಟ್ಟು, ಯಾರು ಹೇಳಿದರು ಎಂದಳು. ಯಾರ ಹೆಸರು ಹೇಳುವುದು? "ಕನಸು ಬಿತ್ತು ಕಣೇ" ಎಂದುಬಿಟ್ಟ.

ಅವಳು ಆ ರಾತ್ರಿ ಸೀಬೆ ಮರಕ್ಕಾಗಿ ಅತ್ತಳು. ಮಾರನೇ ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ, ಇವತ್ತೇನಾದರೂ ಬಿತ್ತಾ ಎಂದು ಕೇಳಿದಳು. ಅಲ್ಲಿಂದ ಅದೊಂದು ಪದ್ಧತಿಯಾಯಿತು. ಒಲೆಯ ಪಕ್ಕ ಮಣೆ ಹಾಕಿಕೊಂಡು ಅವನು ಹೇಳುವುದು, ಅವಳು ಕಣ್ಣು ಮುಚ್ಚಿ ಕೇಳುವುದು. ಮಾವನವರು ಬರೆದದ್ದಕ್ಕೆ ತಾನೂ ಸ್ವಲ್ಪ ಮಂಜು ಸೇರಿಸುತ್ತಿದ್ದ. ಅಮ್ಮ ಬಟ್ಟೆ ಒಣಗಿಸುವಾಗ ಹಾಡು ಗುನುಗಿದರು ಎನ್ನುತ್ತಿದ್ದ. ಅಪ್ಪ ಸಂಜೆ ದೇವಸ್ಥಾನದ ಕಲ್ಲು ಇನ್ನೂ ಬೆಚ್ಚಗಿರುವಾಗಲೇ ಹೋಗಿ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದರು ಎನ್ನುತ್ತಿದ್ದ. ಎಷ್ಟೋ ಸಲ ಹೇಳುತ್ತಾ ಹೇಳುತ್ತಾ ಅವನಿಗೇ ಇದು ಓದಿದ್ದೋ ಕಂಡದ್ದೋ ತಿಳಿಯದೆ ಹೋಗುತ್ತಿತ್ತು. ರೊಟ್ಟಿ ಸೀದುಹೋಗುತ್ತಿದ್ದವು, ಇಬ್ಬರೂ ಅವನ್ನೇ ಸಂತೋಷವಾಗಿ ತಿನ್ನುತ್ತಿದ್ದರು.

ಪಕ್ಕದ ಮನೆಯ ಮುದ್ದಮ್ಮ ಗೋಡೆಯಾಚೆಯಿಂದ ಇಷ್ಟನ್ನೂ ಕೇಳಿಸಿಕೊಂಡಿದ್ದಳು. ಅವಳ ತಂಗಿಯ ಮಗಳನ್ನು ಹಳೇಬೀಡಿಗೆ ಕೊಟ್ಟಿತ್ತು. ಆ ಹುಡುಗಿ ಬೇಲೂರು ಸಂತೆಗೆ ಹೋದವಳು ಮೇಷ್ಟ್ರ ಹಿತ್ತಲು ನೋಡಿಕೊಂಡು ಬಂದು, ಸೀಬೆ ಮರ ಇದ್ದ ಜಾಗದಲ್ಲಿ ಬುಡ ಒಂದೇ ಇದೆ ಎಂದು ವರದಿ ಒಪ್ಪಿಸಿದಳು. ಇನ್ನು ಕೇಳಬೇಕೇ? ಚಿದಂಬರನಿಗೆ ಮಠದ ಹಿರಿಯ ಸ್ವಾಮಿಗಳ ಆಶೀರ್ವಾದವಾಗಿದೆ ಎಂದು ಕೆಲವರು, ಇಲ್ಲ, ಇದು ಕೊಬ್ಬರಿ ಚೀಲದ ಮಹಿಮೆ ಎಂದು ಕೆಲವರು ವಾದಿಸಿದರು. ಮೇಕೆ ಕಳೆದುಕೊಂಡವರು ಬಂದರು, ಗಂಡು ಹುಡುಕುವವರು ಬಂದರು. ಕೊನೆಗೆ ಕಂದಾಯ ಇಲಾಖೆಯ ಅಧಿಕಾರಿಯೊಬ್ಬರು ಸ್ಕೂಟರಿನಲ್ಲಿ ಬಂದು, ತಮ್ಮ ವರ್ಗಾವಣೆ ಎಲ್ಲಿಗೆ ಆಗಬಹುದು ಎಂದು ಕೆಮ್ಮುತ್ತಾ ಕೇಳಿದರು. ಚಿದಂಬರನಿಗೆ ಆ ದಿನ ತಲೆಯಲ್ಲಿದ್ದದ್ದು ಹಿಮದ ದೇಶದವನ ಕಿಟಕಿ ಮಾತ್ರ. ಎಲ್ಲಾ ಬೆಳ್ಳಗಿದೆ ಸಾರ್, ಬಹಳ ಚಳಿ ಎಂದ. ಅಧಿಕಾರಿ ಹೋಗಿ ಸ್ವೆಟರು ಕೊಂಡರು. ಆ ತಿಂಗಳಲ್ಲೇ ಸಕಲೇಶಪುರಕ್ಕೆ ಆರ್ಡರು ಬಂತು. ಅಲ್ಲಿಂದ ಮುಂದೆ ಚಿದಂಬರ ಮಂಡಿಯಲ್ಲಿ ಆಕಳಿಸಿದರೂ ಬೀದಿ ಗಪ್‌ಚಿಪ್ಪಾಗುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಾವನವರು ಕಾರ್ತೀಕದಲ್ಲಿ ತಮ್ಮ ಬರಹಗಳನ್ನೆಲ್ಲ ಬೇರೊಂದು ತಾಣಕ್ಕೆ ಸಾಗಿಸಿದರು. ಮನೆ ಬದಲಾಯಿಸುವಾಗ ಅಟ್ಟದ ಮೇಲಿನ ಸಾಮಾನೂ ಅಂಗಳಕ್ಕೆ ಬರುತ್ತದಲ್ಲ, ಹಾಗೆ ಅವರು ಮೊದಲಿಂದ ಬರೆದದ್ದೆಲ್ಲ ಒಟ್ಟಿಗೆ ಫೀಡಿಗೆ ಬಂದು ಬಿತ್ತು, ಅದೂ ಬರೆದ ದಿನದ ಬದಲು ಸಾಗಿಸಿದ ದಿನದ ತಾರೀಖು ಹೊತ್ತುಕೊಂಡು. ಚಿದಂಬರ ಸೇರಿಕೊಂಡದ್ದು ಯುಗಾದಿಯ ಮೇಲೆ, ಹಳೆಯದನ್ನು ಅವನು ನೋಡಿದವನೇ ಅಲ್ಲ. ಲತಾಮಣಿ ಆ ಹೊತ್ತು ಕರೆಂಟಿನವರ ಜೊತೆ ಫೋನಿನಲ್ಲಿ ಜಗಳಕ್ಕೆ ನಿಂತಿದ್ದಳು. ಇವನು ಓದಿಕೊಂಡ: "ಹುಲಿಕೆರೆ ಕೊಳದ ಪಾಚಿ ಮೆಟ್ಟಿಲು ನನ್ನನ್ನು ಕೆಡವಿತು. ಸೊಂಟದ ಮೂಳೆ ಮುರಿದಿದೆ. ಊರೆಲ್ಲ ಬಂದು ನೋಡಿಕೊಂಡು ಹೋಯಿತು. ಮಗಳಿಗೆ ಹೇಳಿ ಕಳಿಸಿದ್ದೇನೆ. ಬಾಗಿಲು ಸದ್ದಾದಾಗಲೆಲ್ಲ ಅವಳೇ ಅಂದುಕೊಳ್ಳುತ್ತೇನೆ."

ಅವನು ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಮಾರ್ಕೆಟ್ ರಸ್ತೆಯಲ್ಲಿ ಹಾಡಹಗಲು ಬರಿಗಾಲಲ್ಲಿ ಓಡುತ್ತಿರುವ ಚಿದಂಬರನನ್ನು ಕಂಡವರಿಗೆ, ಎಂಥದೋ ಭಾರಿ ಕನಸು ಬಿದ್ದಿದೆ ಎಂದು ಹೇಳಬೇಕಾಗಿರಲಿಲ್ಲ. ಮನೆಗೆ ಹೋಗಿ ಅರುಣಾಗೆ ಒಂದೇ ಉಸಿರಿನಲ್ಲಿ, ನಿಮ್ಮಪ್ಪ ಬಿದ್ದು ಮಲಗಿದ್ದಾರೆ, ನಿನ್ನ ದಾರಿ ನೋಡುತ್ತಿದ್ದಾರೆ ಎಂದ. ಅವಳು ಕನಸಾ ಎಂದು ಕೇಳಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಒಂದು ಫೋನು ಮಾಡಿ ವಿಚಾರಿಸಬಾರದಿತ್ತೇ ಎಂದು ನೀವು ಕೇಳಬಹುದು. ನಮ್ಮ ಕಡೆ ಕೆಟ್ಟ ಸುದ್ದಿ ಫೋನಿನಲ್ಲಿ ಹೇಳುವುದೂ ಇಲ್ಲ, ಕೇಳುವುದೂ ಇಲ್ಲ. ಯಾರಾದರೂ ಒಬ್ಬರು ಖುದ್ದು ಬಂದು, ನೀರು ಕುಡಿದು, ಅದೂ ಇದೂ ಮಾತಾಡಿ ಆಮೇಲೆ ಹೇಳಬೇಕು. ಹೇಳಿ ಕಳಿಸಿದವನು ಇನ್ನೂ ದಾರಿಯಲ್ಲಿರಬೇಕು ಎಂದೇ ಚಿದಂಬರ ನಂಬಿದ್ದ.

ಬಾಡಿಗೆ ವ್ಯಾನು ಬಂತು. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವುದುಂಟೇ ಎಂದು ಬ್ರೆಡ್ಡು, ಮೋಸಂಬಿ, ಒಂದು ಗೊನೆ ಎಳನೀರು ಏರಿಸಿದರು. ಮುದ್ದಮ್ಮ ತಾನಾಗಿಯೇ ಏರಿದಳು. ಚಿದಂಬರನ ಚಿಕ್ಕಪ್ಪ ಉಗ್ರಪ್ಪನೂ ಏರಿದ. ಬೇಲೂರು ಹೋಟೆಲುಗಳಿಗೆ ಕಾಯಿ ಹಾಕುತ್ತಿದ್ದ ಈ ಉಗ್ರಪ್ಪ ಸಾವು ನೋವಿನ ಕೆಲಸಗಳಲ್ಲಿ ಎತ್ತಿದ ಕೈ. ಅವನಿಲ್ಲದೆ ಆ ಬಳಗದಲ್ಲಿ ಒಂದು ಹೆಣವೂ ಎದ್ದದ್ದಿಲ್ಲ. ಜಾವಗಲ್ ದಾಟುವವರೆಗೆ ಎಲ್ಲರಿಗೂ ಧೈರ್ಯ ಹೇಳಿದ. ಏನು ಬಿತ್ತು, ಎಲ್ಲಿ ಬಿದ್ದರು ಎಂದು ವಿವರ ಕೇಳಿದ. ಹುಲಿಕೆರೆ ಕೊಳ ಎಂದೊಡನೆ ಯಾಕೋ ಅವನ ಮಾತು ನಿಂತಿತು. ಹುಲಿಕೆರೆ ಅಂದೆಯಾ ಎಂದು ಇನ್ನೊಂದು ಸಲ ಕೇಳಿ ಕಿಟಕಿಯಾಚೆ ನೋಡುತ್ತಾ ಕೂತ. ಅರುಣಾ ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿದಿದ್ದಳು. ಹೊರಗೆ ರಾಗಿ ಹೊಲ, ಆಮೇಲೆ ಕೆರೆ, ಕೆರೆಯ ಮೇಲೆ ಮಧ್ಯಾಹ್ನದ ಬೆಳಕು. ಎಲ್ಲವೂ ಚಿದಂಬರ ಅವಳಿಗೆ ಒಲೆಯ ಪಕ್ಕ ಹೇಳುತ್ತಿದ್ದ ಹಾಗೆಯೇ ಸರಿದು ಹೋಗುತ್ತಿತ್ತು.

ಹಳೇಬೀಡಿನಲ್ಲಿ ವ್ಯಾನು ನಿಂತಾಗ ಮುದ್ದಮ್ಮ ತಂಗಿಯ ಮಗಳಿಗೆ ಸುದ್ದಿ ಮುಟ್ಟಿಸಿ ಬಂದಳು. ಸೊಂಟ ಮುರಿದದ್ದು ಬಸ್‌ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಜ್ಞಾನ ತಪ್ಪಿದ್ದಾಯಿತು, ಹೂವಿನ ಅಂಗಡಿ ಮುಟ್ಟುವಷ್ಟರಲ್ಲಿ ಜೀವವೇ ಹೋಗಿತ್ತು. ಹೂವಿನವನೇ ಉಗ್ರಪ್ಪನನ್ನು ಕರೆದು ಸಂತಾಪ ಸೂಚಿಸಿದ. ಉಗ್ರಪ್ಪ ಅನುಭವಸ್ಥ, ಎದುರು ಮಾತಾಡದೆ ಒಂದು ದೊಡ್ಡ ಹಾರ ಕಟ್ಟಿಸಿ ಟವೆಲಿನಲ್ಲಿ ಸುತ್ತಿ ಸೀಟಿನ ಕೆಳಗಿಟ್ಟ. ಸಾವಿನ ಮನೆಯಲ್ಲಿ ಹಾಡಿ ಅಳುವುದರಲ್ಲಿ ಹೆಸರಾದ ಮುದ್ದಮ್ಮನಿಗೆ ಹಾರದ ವಾಸನೆ ಬಡಿಯಿತು. ಬಸ್ತಿಹಳ್ಳಿಯಿಂದಲೇ ಅವಳು ಮೂಗೆಳೆಯುತ್ತಾ ಗಂಟಲು ಸರಿ ಮಾಡಿಕೊಳ್ಳತೊಡಗಿದಳು.

ಬೇಲೂರಿನಲ್ಲಿ ವ್ಯಾನು ಮೇಷ್ಟ್ರ ಬೀದಿಗೆ ತಿರುಗಿದ್ದೇ ತಡ, "ಅಯ್ಯೋ ನನ್ನಪ್ಪಾ, ಮೇಷ್ಟ್ರೇ, ಹೋಗ್ಬಿಟ್ರಾ" ಎಂದು ಮುದ್ದಮ್ಮ ಎದೆ ಬಡಿದುಕೊಂಡು ಇಳಿದಳು. ಇಳಿದವಳು ಅಲ್ಲೇ ಬಾಯಿ ತೆರೆದುಕೊಂಡು ನಿಂತಳು. ಮೇಷ್ಟ್ರು ಜಗಲಿಯಲ್ಲಿ ಒಂದು ಸ್ಟೂಲಿನ ಮೇಲೆ ಹತ್ತಿ ನಿಂತು, ಉದ್ದನೆಯ ಪೊರಕೆಯಲ್ಲಿ ಸೂರಿನ ಜೇಡರ ಬಲೆ ತೆಗೆಯುತ್ತಿದ್ದರು. ಹಿಂದೆ ಎಳನೀರಿನ ಗೊನೆ ಹೊತ್ತ ಚಿದಂಬರ, ಅವನ ಹಿಂದೆ ಟವೆಲು ಬಿಚ್ಚಿಯೇಬಿಟ್ಟಿದ್ದ ಉಗ್ರಪ್ಪ. ಹಾರ ಮಾರುದ್ದವಿತ್ತು, ಬಚ್ಚಿಡುವ ಹಾಗಿರಲಿಲ್ಲ.

ಒಳಗಿಂದ ಬಂದ ದ್ರಾಕ್ಷಾಯಣಮ್ಮ ಮಗಳನ್ನು ಕಂಡು ಹೊಸ್ತಿಲ ಮೇಲೇ ನಿಂತರು. ಮೇಷ್ಟ್ರು ನಿಧಾನವಾಗಿ ಸ್ಟೂಲಿಳಿದು, ಪೊರಕೆಯನ್ನು ಮೂಲೆಗಿಟ್ಟು, ಹಾರವನ್ನೂ ಬ್ರೆಡ್ಡನ್ನೂ ಬದಲಿಸಿ ಬದಲಿಸಿ ನೋಡಿ, ಇದು ಯಾರಿಗೆ ಎಂದು ಕೇಳಿದರು. ಚಿದಂಬರ ತೊದಲಿದ. ಹುಲಿಕೆರೆ, ಪಾಚಿ ಮೆಟ್ಟಿಲು, ಸೊಂಟ ಎಂದಷ್ಟೇ ಹೊರಟಿತು.

"ಅದು ಎರಡು ವರ್ಷದ ಹಿಂದಿನ ಮಾತು" ಎಂದರು ಮೇಷ್ಟ್ರು. "ಮೂರು ತಿಂಗಳು ಮಲಗಿದ್ದೆ. ಹೇಳಿ ಕಳಿಸಿದಾಗ ಬರಲಿಲ್ಲ. ಈಗ ಮೋಸಂಬಿ ತಂದಿದೀರಾ?"

ಅರುಣಾಳ ಮುಖ ಬಿಳಿಚಿಕೊಂಡಿತು. ತಮಗೆ ಯಾರೂ ಏನೂ ಹೇಳಲೇ ಇಲ್ಲವಲ್ಲ ಎಂದಳು. ಹೇಳದೆ ಏನು, ನಿಮ್ಮ ಉಗ್ರಪ್ಪನವರ ಕೈಯಲ್ಲೇ ಹೇಳಿ ಕಳಿಸಿದ್ದೆವಲ್ಲ ಎಂದು ದ್ರಾಕ್ಷಾಯಣಮ್ಮ ಅಂದರು. ಎಲ್ಲರೂ ಉಗ್ರಪ್ಪನ ಕಡೆ ತಿರುಗಿದರು. ಕೈಯಲ್ಲಿ ಹಾರ ಹಿಡಿದು ತಲೆ ತಗ್ಗಿಸಿ ನಿಂತವನನ್ನು ಬೈಯುವುದು ಎಷ್ಟು ಕಷ್ಟ ಎಂದು ಆವತ್ತು ಆ ಬೀದಿಗೆ ತಿಳಿಯಿತು. ಅವನು ಸುದ್ದಿ ಹೊತ್ತು ಬಸ್ಸು ಹತ್ತಿದ್ದ, ಜಾವಗಲ್ಲಿನಲ್ಲಿ ಕಣ್ಣು ಹತ್ತಿತ್ತು. ನಿದ್ದೆ ಆ ಮನೆತನಕ್ಕೆ ಹಿರಿಯರಿಂದ ಬಂದ ಆಸ್ತಿ. ಎದ್ದಾಗ ಅರಸೀಕೆರೆ ಬಂದಿತ್ತು, ಸುದ್ದಿ ಮರೆತುಹೋಗಿತ್ತು.

"ವಾರ ಬಿಟ್ಟು ನೆನಪಾಯ್ತು ಕಣಮ್ಮ" ಎಂದು ಉಗ್ರಪ್ಪ ಅರುಣಾಗೆ ಹೇಳಿದ. "ಈಗ ಹೇಳಿದ್ರೆ ಯಾಕ್ ತಡ ಅಂತ ಕೇಳ್ತೀರಲ್ಲ ಅಂತ ಹೆದರ್ಕೊಂಡೆ. ಅಷ್ಟೊತ್ತಿಗೆ ಇನ್ಯಾರಾದ್ರೂ ಹೇಳಿರ್ತಾರೆ ಅಂದ್ಕಂಡೆ."

ಅರುಣಾ ಅವನನ್ನು ದಾಟಿಕೊಂಡು ಜಗಲಿ ಹತ್ತಿದಳು. ನೇರ ಹೋಗಿ ಅಮ್ಮನ ಹೆಗಲಿಗೆ ಮುಖವಿಟ್ಟು, ಎರಡು ವರ್ಷದ್ದನ್ನೂ ಸೇರಿಸಿ ಅತ್ತಳು. ಅಮ್ಮನೂ ಅತ್ತರು. ಜೊತೆಗೆ ಯಾರೋ ಅಳುತ್ತಿರುವುದು ಕೇಳಿ ಮುದ್ದಮ್ಮನಿಗೆ ತನ್ನ ಕಸುಬು ನೆನಪಾಗಿ ಅವಳೂ ಶುರು ಮಾಡಿದಳು. ಮಧ್ಯೆ ಒಮ್ಮೆ ಮೂಗು ಒರೆಸಿಕೊಂಡು ಮೇಷ್ಟ್ರಿಗೆ, "ನಮ್ ಚಿದಂಬ್ರನ ಕನಸು ಸುಳ್ಳಾಗಿಲ್ಲ ಬುದ್ಧಿ. ವಸಿ ತಡ ಆಗೈತೆ, ಅಷ್ಟೇಯ" ಎಂದಳು.

ಕನಸೇ ಎಂದು ಮೇಷ್ಟ್ರು ಅಳಿಯನನ್ನು ನೋಡಿದರು. ಏನು ಬಿತ್ತು, ಸ್ವಲ್ಪ ಹೇಳಿ ಎಂದರು. ಚಿದಂಬರನಿಗೆ ಅಲ್ಲೇ ಭೂಮಿ ಬಾಯಿಬಿಟ್ಟಿದ್ದರೆ ಎಳನೀರಿನ ಗೊನೆ ಸಮೇತ ಇಳಿದುಹೋಗುತ್ತಿದ್ದ. ಬೇರೆ ದಾರಿ ಕಾಣದೆ, ಕೊಳದ ಪಾಚಿ ಮೆಟ್ಟಿಲು ಕೆಡವಿತು, ಊರೆಲ್ಲ ಬಂದು ನೋಡಿಕೊಂಡು ಹೋಯಿತು, ಬಾಗಿಲು ಸದ್ದಾದಾಗಲೆಲ್ಲ ಅವಳೇ ಅಂದುಕೊಳ್ಳುತ್ತೇನೆ ಎಂದು ಪಾಠ ಒಪ್ಪಿಸಿದಂತೆ ಒಪ್ಪಿಸಿದ. ಮೇಷ್ಟ್ರು ಜೀವಮಾನವೆಲ್ಲ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದವರು. ಅವನ ರಟ್ಟೆ ಹಿಡಿದು ಒಳಗೆ ಕರೆದೊಯ್ದು ಕೋಣೆಯ ಬಾಗಿಲು ಹಾಕಿದರು. ಹೊರಗೆ ಉಗ್ರಪ್ಪ ಹಾರವನ್ನು ಮೆಲ್ಲಗೆ ಸ್ಟೂಲಿನ ಮೇಲಿಟ್ಟು, ಮೆಟ್ಟಿಲ ಮೇಲೆ ಕೂತು ನಿಟ್ಟುಸಿರು ಬಿಟ್ಟ. ಚಿದಂಬರನ ಗತಿ ಮುಗಿಯಿತೆಂದೇ ಅವನ ಲೆಕ್ಕ.

ಕೋಣೆಯಲ್ಲಿ ಕಸೂತಿ ಬಟ್ಟೆ ಹೊದಿಸಿದ ಕಂಪ್ಯೂಟರಿತ್ತು. ಮೇಷ್ಟ್ರು ಬಟ್ಟೆ ಸರಿಸಿ, ಅದು ಹೊತ್ತಿಕೊಳ್ಳುವವರೆಗೆ ಅವನ ಕಡೆ ನೋಡದೆ ನಿಂತರು. ಮಲಗಿದ್ದಾಗ ಬೇಸರ ಕಳೆಯಲು ಬರೆಯಲು ಶುರು ಮಾಡಿದ್ದನ್ನು ಹೇಳಿದರು. ಆಮೇಲೆ ಪರದೆಯ ಮೂಲೆಯಲ್ಲಿ ಬೆರಳಿಟ್ಟರು.

"ಫೀಡಿನಲ್ಲಿ ತರಿಸಿಕೊಂಡು ಓದೋರು ಎಷ್ಟು ಜನ ಅಂತ ಇಲ್ಲಿ ತೋರಿಸತ್ತೆ. ಬಹಳ ದಿನ ಸೊನ್ನೆ ಇತ್ತು. ಯುಗಾದಿ ಆದಮೇಲೆ ಒಂದಾಯ್ತು. ಎರಡು ಆಗಲೇ ಇಲ್ಲ. ಯಾರೋ ದೊಡ್ಡ ವಿದ್ವಾಂಸರಿರಬೇಕು ಅಂದ್ಕೊಂಡಿದ್ದೆ. ಬರೆಯೋಕೆ ಬೇಜಾರಾದ ದಿನಾನೂ, ಪಾಪ ಒಬ್ಬರು ಕಾಯ್ತಿರ್ತಾರೆ ಅಂತ ಎದ್ದು ಬರೀತಿದ್ದೆ." ಆಮೇಲೆ ಅವನ ಕಡೆ ತಿರುಗಿ ಕೇಳಿದರು, "ಅದು ನೀವೇನಾ ಅಳಿಯಂದಿರೇ?"

ಚಿದಂಬರ ಹೌದೆಂದು ತಲೆಯಾಡಿಸಿದ. ತಪ್ಪಾಯಿತು ಮಾವ, ಕದ್ದು ಓದಿದೆ ಎಂದ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಇದೆಲ್ಲ ಅರುಣಾಗೆ ಗೊತ್ತೇ ಎಂದರು. ಗೊತ್ತಿಲ್ಲ, ಕನಸು ಎಂದು ಹೇಳುತ್ತಿದ್ದೆ, ದಿನಾ ಸಂಜೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು, ಒಂದು ದಿನವೂ ತಪ್ಪಿಸಲಿಲ್ಲ ಎಂದು ಚಿದಂಬರ ಹೇಳಿದ.

ಅಡುಗೆಮನೆಯಿಂದ ತಾಯಿ ಮಗಳ ಮಾತು, ಪಾತ್ರೆಯ ಸದ್ದು ಕೇಳುತ್ತಿತ್ತು. ಮೇಷ್ಟ್ರು ಪರದೆಯ ಮೇಲಿನ ಆ ಒಂದು ಎಂಬ ಅಂಕಿಯನ್ನು ಬಹಳ ಹೊತ್ತು ನೋಡಿದರು.

"ಇದಕ್ಕೆ ಲೆಕ್ಕ ಬರಲ್ಲ" ಎಂದರು. "ಇಬ್ಬರಿದ್ರು."

ಕಂಪ್ಯೂಟರು ಆರಿಸಿ ಮತ್ತೆ ಬಟ್ಟೆ ಹೊದಿಸಿದರು. ಕೋಣೆಯ ಬಾಗಿಲು ತೆಗೆದು ಅಡುಗೆಮನೆಯ ಕಡೆ ಮುಖ ಮಾಡಿ, ಎರಡು ವರ್ಷದಲ್ಲಿ ಮೊದಲ ಸಲ ಮಗಳನ್ನು ಹೆಸರು ಹಿಡಿದು ಕರೆದರು.

"ಅರುಣಾ, ಬಾ ಇಲ್ಲಿ, ಇವರ ಪಕ್ಕ ಕೂತ್ಕೋ. ಇವತ್ತಿಂದು ಬರೆಯಲ್ಲ, ಬಾಯಲ್ಲೇ ಹೇಳ್ತೀನಿ."